ಹಿತ್ತಲ ಗಿಡ

ಆಟಗಾರನನ್ನು ಮೆಚ್ಚುವವನಿಗೆ ನಮ್ಮ ಭಾಷೆಯಲ್ಲಿ ‘ಅಭಿಮಾನಿ’ ಎಂದು ಹೆಸರು. ಈ ಹೆಸರನ್ನು ಮೊದಲು ಇಟ್ಟ ಮಹಾನುಭಾವರು ಯಾರೋ, ಅವರಿಗೆ ಕೈಮುಗಿಯಬೇಕು. ಅಭಿಮಾನವೆಂದರೆ ಪ್ರೀತಿ ಎಂದೂ ಅರ್ಥವಾಗುತ್ತದೆ, ‘ನಾನು’ ಎಂಬ ಹೆಮ್ಮೆ ಎಂದೂ ಆಗುತ್ತದೆ. ಒಬ್ಬ ಬೌಲರನ ಅಭಿಮಾನಿ ಎಂದು ಹೇಳಿಕೊಳ್ಳುವವನು ಆ ಬೌಲರನನ್ನು ಪ್ರೀತಿಸುತ್ತಾನೆಯೋ, ಇಲ್ಲವೆ ಬೌಲರನ ನೆಪದಲ್ಲಿ ತನ್ನನ್ನೇ ಪ್ರೀತಿಸಿಕೊಳ್ಳುತ್ತಾನೆಯೋ ಎಂಬುದನ್ನು ಆ ಶಬ್ದ ಬಿಡಿಸಿ ಹೇಳುವುದಿಲ್ಲ. ಅರುವತ್ತು ದಾಟಿದ ನನಗೂ ಇತ್ತೀಚಿನವರೆಗೆ ಅದು ಬಿಡಿಸಿ ಗೊತ್ತಿರಲಿಲ್ಲ.

ನಾನಿರುವುದು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ. ಹೆಸರಿನಲ್ಲಿ ಮಾತ್ರ ಹಳ್ಳಿಯನ್ನು ಉಳಿಸಿಕೊಂಡು, ಉಳಿದುದರಲ್ಲೆಲ್ಲ ಪೇಟೆಯಾಗಿಬಿಟ್ಟಿರುವ ಬಡಾವಣೆ ಇದು. ನಮ್ಮ ಬೀದಿಯ ತುದಿಯಲ್ಲಿ ಒಂದು ಮಿರ್ಚಿ-ಮಂಡಕ್ಕಿ ಅಂಗಡಿಯಿದೆ. ಸಂಜೆ ಐದಕ್ಕೆ ಅಲ್ಲಿ ಬಾಣಲೆ ಒಲೆಯೇರುತ್ತದೆ. ಗೋಡೆಯ ಮೇಲೆ ಟೆಲಿವಿಷನ್ನು ಬಾಯಿ ತೆರೆಯುತ್ತದೆ. ಕ್ರಿಕೆಟ್ ಇರುವ ದಿನ ಅಲ್ಲಿ ನಾಲ್ವರು ಖಾಯಂ ನ್ಯಾಯಾಧೀಶರು ಪೀಠವನ್ನು ಅಲಂಕರಿಸುತ್ತಾರೆ: ಬ್ಯಾಂಕಿನಿಂದ ನಿವೃತ್ತರಾದ ಗುಮಾಸ್ತರು, ಮೆಕ್ಕೆಜೋಳದ ಮಂಡಿಯಲ್ಲಿ ಲೆಕ್ಕ ಬರೆಯುವವರು, ನನ್ನ ಷಡ್ಡಕರು, ಮತ್ತು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿ ಈಗ ಮನೆಯಲ್ಲಿ ಕುಳಿತಿರುವ ನಾನು.

ಗುಮಾಸ್ತರಿಗೆ ಒಬ್ಬ ಬ್ಯಾಟುಗಾರನನ್ನು ಕಂಡರೆ ಆಗುವುದಿಲ್ಲ. ಅವನ ಕಾಲು ಚೆಂಡಿನ ಹತ್ತಿರ ಹೋಗುವುದಿಲ್ಲ, ಬ್ಯಾಟಿಗೂ ಪ್ಯಾಡಿಗೂ ನಡುವೆ ಎತ್ತಿನ ಗಾಡಿ ಹೋಗುವಷ್ಟು ಜಾಗ ಬಿಡುತ್ತಾನೆ ಎಂದು ವರ್ಷಾನುಗಟ್ಟಲೆ ಶಾಸ್ತ್ರೋಕ್ತವಾಗಿ ಬೈದರು. ಅವರ ಜ್ಞಾನಕ್ಕೆ ನಾವು ತಲೆದೂಗಿದೆವು. ಒಂದು ಸಂಜೆ ಆ ಹುಡುಗ ನೂರು ಹೊಡೆದು ಹೆಲ್ಮೆಟ್ ತೆಗೆದಾಗ ಗುಮಾಸ್ತರ ಬಾಯಿಂದ ಸತ್ಯ ಜಾರಿಬಿತ್ತು. “ಆ ಮುಖ ನೋಡ್ರೀ ಮೇಷ್ಟ್ರೇ, ಆ ನಗು ನೋಡ್ರೀ! ನನ್ನ ತೊಂಬತ್ತೆರಡರಾಗೆ ಟ್ರಾನ್ಸ್‌ಫರ್ ಮಾಡಿದ ಮ್ಯಾನೇಜರ್ ಹಿಂಗೇ ನಗ್ತಿದ್ದ!” ಮೊದಲು ಶಿಕ್ಷೆ, ಆಮೇಲೆ ವಿಚಾರಣೆ, ಕಡೆಗೆ ಸಾಕ್ಷಿ. ನಮ್ಮ ಪೀಠದ ಕಾರ್ಯಕಲಾಪ ನಡೆಯುವ ಕ್ರಮ ಇದು.

ಮಂಡಿಯವರಿಗೆ ಶೀತಪಾನೀಯದ ಜಾಹೀರಾತಿನಲ್ಲಿ ಕಾಣಿಸಿಕೊಂಡ ಆಟಗಾರ ಅಂದಿನಿಂದಲೇ ಸೋಮಾರಿಯಾಗಿ ಕಾಣುತ್ತಾನೆ. ಷಡ್ಡಕರಿಗೆ ಮೈದಾನಕ್ಕೆ ಕಾಲಿಡುವಾಗ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವನೇ ಒಳ್ಳೆಯ ಆಟಗಾರ; ಅಂಥವನು ಸೊನ್ನೆಗೆ ಔಟಾದರೆ ಅದು ದೃಷ್ಟಿ ತಾಗಿದ್ದು, ನಮಸ್ಕಾರ ಮಾಡದವನು ಔಟಾದರೆ ಅದು ಅಹಂಕಾರದ ಫಲ. ಇವರೆಲ್ಲರ ಮಾತಿಗೆ ನಾನು ಒಳಗೊಳಗೇ ನಗುತ್ತಿದ್ದೆ. ನಾನು ಗಣಿತದ ಮೇಷ್ಟ್ರು. ನನ್ನ ಮಡಿಲಲ್ಲಿ ಯಾವಾಗಲೂ ಸ್ಕೋರು ಬರೆಯುವ ಪುಸ್ತಕ. ಅಂಕಿಗಳಿಗೆ ಊರಿಲ್ಲ, ಜಾತಿಯಿಲ್ಲ, ಮುಖವಿಲ್ಲ ಎಂದು ಮಕ್ಕಳಿಗೆ ಹೇಳಿಕೊಟ್ಟವನು ನಾನು. ಪೀಠದಲ್ಲಿ ನಿಷ್ಪಕ್ಷಪಾತಿ ನಾನೊಬ್ಬನೇ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ.

ಪಕ್ಷಪಾತವೆಂದರೇನೆಂದು ನಾನು ಕಲಿತದ್ದು ನಮ್ಮ ತಂದೆಯವರಿಂದ. ಅವರು ಹತ್ತಿಯ ಗಿರಣಿಯಲ್ಲಿ ಕೆಲಸಕ್ಕಿದ್ದರು. ಜಿ. ಆರ್. ವಿಶ್ವನಾಥ್ ಹುಟ್ಟಿದ್ದು ಭದ್ರಾವತಿಯಲ್ಲಿ, 1949ರಲ್ಲಿ; ಭದ್ರಾವತಿ ನಮಗೆ ದೂರವಲ್ಲ. ತಂದೆಯವರಿಗೆ ಅಷ್ಟೇ ಸಾಕಾಯಿತು. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ಎದುರು ವಿಶ್ವನಾಥ್ ತಮ್ಮ ಮೊದಲನೆಯ ಟೆಸ್ಟ್ ಆಡಿ ಮೊದಲ ಇನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137 ಮಾಡಿದರು. ಅಂದಿನಿಂದ ನಮ್ಮ ಮನೆಯಲ್ಲಿ ವಿಶ್ವನಾಥರ ಸೊನ್ನೆಗೆ ಅವಮಾನವೆಂಬ ಅರ್ಥವೇ ಹೋಯಿತು. ಅದು ಮುಂದಿನ ಶತಕಕ್ಕೆ ಕಟ್ಟಿದ ಮುಂಗಡ.

1975ರ ಜನವರಿಯಲ್ಲಿ ಮದರಾಸಿನಲ್ಲಿ ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ 64 ರನ್ನಿಗೆ ಏಳು ಮಂದಿಯನ್ನು ಉರುಳಿಸಿದ. ಭಾರತದ ಮೊತ್ತ 190. ಅದರಲ್ಲಿ ವಿಶ್ವನಾಥರದೇ ಅಜೇಯ 97. ಕಡೆಯಲ್ಲಿ ಔಟಾಗಿ ಅವರ ನೂರು ತಪ್ಪಿಸಿದವರು ಚಂದ್ರಶೇಖರ್. ಟ್ರಾನ್ಸಿಸ್ಟರಿನ ಮುಂದೆ ಕುಳಿತ ತಂದೆಯವರು ಧರ್ಮಸಂಕಟಕ್ಕೆ ಸಿಕ್ಕಿದರು. ವಿಶ್ವನಾಥ್ ನಮ್ಮವರು, ಚಂದ್ರಶೇಖರರೂ ನಮ್ಮವರೇ. ಯಾರನ್ನು ಬೈಯಬೇಕು? ಸ್ವಲ್ಪ ಹೊತ್ತು ಯೋಚಿಸಿ, “ಆ ರಾಬರ್ಟ್ಸನಿಗಾದರೂ ಬುದ್ಧಿ ಬ್ಯಾಡವೇನೋ? ಇನ್ನು ಮೂರೇ ರನ್ನು ಅಂತ ಗೊತ್ತಿದ್ದೂ ಹಂಗೆ ಹಾಕೋದೇ?” ಎಂದರು.

ಗಾವಸ್ಕರರನ್ನು ಅವರು ಸಹಿಸುತ್ತಿರಲಿಲ್ಲ. ಆಟದಲ್ಲಿ ರಸವಿಲ್ಲ, ಬರೀ ಲೆಕ್ಕಾಚಾರ ಎನ್ನುತ್ತಿದ್ದರು. ಮುಂದೆ ವಿಶ್ವನಾಥರು ಗಾವಸ್ಕರರ ತಂಗಿಯನ್ನು ಮದುವೆಯಾದರು. ಆ ಸುದ್ದಿ ನಮ್ಮ ಮನೆಗೆ ಮುಟ್ಟಿದ ಮೇಲೆ ತಂದೆಯವರ ಕಣ್ಣಿಗೆ ಗಾವಸ್ಕರರ ಆಟದಲ್ಲಿ ಒಂದು ಗಾಂಭೀರ್ಯ ಕಾಣತೊಡಗಿತು. “ತಳಪಾಯ ಗಟ್ಟಿ ಐತೆ ಆ ಹುಡುಗಂದು” ಎಂದು ಒಪ್ಪಿಕೊಂಡರು. ಆಟ ಅದೇ, ಬ್ಯಾಟು ಅದೇ. ನಡುವೆ ಆದದ್ದು ಒಂದು ಮದುವೆ.

ಇದು ನಮ್ಮ ತಂದೆಯವರೊಬ್ಬರ ದೌರ್ಬಲ್ಯವಲ್ಲ. ಅಮೆರಿಕದಲ್ಲಿ 1951ರ ನವೆಂಬರಿನಲ್ಲಿ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಎಂಬ ಎರಡು ವಿದ್ಯಾಸಂಸ್ಥೆಗಳ ನಡುವೆ ಅವರ ಪದ್ಧತಿಯ ಫುಟ್‌ಬಾಲ್ ಪಂದ್ಯವೊಂದು ಬಹಳ ಒರಟಾಗಿ ನಡೆಯಿತು. ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಆ ಪಂದ್ಯದ ಒಂದೇ ಫಿಲ್ಮನ್ನು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿ, ಕಂಡ ತಪ್ಪುಗಳನ್ನೆಲ್ಲ ಗುರುತು ಹಾಕಿರೆಂದರು. 1954ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಡಾರ್ಟ್‌ಮತ್ ತಂಡದ ತಪ್ಪುಗಳು ಡಾರ್ಟ್‌ಮತ್ತಿನವರ ಕಣ್ಣಿಗೆ ಎಷ್ಟು ಕಂಡವೋ ಪ್ರಿನ್ಸ್‌ಟನ್ನಿನವರ ಕಣ್ಣಿಗೆ ಅದರ ಎರಡರಷ್ಟಕ್ಕೂ ಮೇಲೆ ಕಂಡಿದ್ದವು. ಅವರು ಸುಳ್ಳು ಹೇಳಲಿಲ್ಲ. ಅವರಿಗೆ ಕಂಡದ್ದೇ ಹಾಗೆ. ಕಾಮಾಲೆ ಕಣ್ಣಿನವನಿಗೆ ಲೋಕವೆಲ್ಲ ಹಳದಿ ಎಂದು ನಮ್ಮ ಹಿರಿಯರು ಯಾವ ಫಿಲ್ಮೂ ಇಲ್ಲದೆ ತಿಳಿದುಕೊಂಡಿದ್ದರು.

ನಾವೂ ಅಂಥ ಫಿಲ್ಮನ್ನು 2004ರ ಮಾರ್ಚಿನಲ್ಲಿ ನೋಡಿದೆವು. ಮುಲ್ತಾನಿನಲ್ಲಿ ತೆಂಡೂಲ್ಕರ್ 194ರಲ್ಲಿ ಆಡುತ್ತಿದ್ದಾಗ, ಗಂಗೂಲಿಯವರ ಬದಲು ನಾಯಕರಾಗಿದ್ದ ದ್ರಾವಿಡ್ ಇನಿಂಗ್ಸ್ ಮುಗಿಯಿತೆಂದು ಸಾರಿದರು. ಮುಂಬಯಿಯಲ್ಲಿ ಬಹಳ ಕಾಲ ಕೆಲಸ ಮಾಡಿ ಬಂದ ನನ್ನ ಷಡ್ಡಕರಿಗೆ ಅದು ಹೊಟ್ಟೆಕಿಚ್ಚಾಗಿ ಕಂಡಿತು. ನನಗೆ ನಿಸ್ವಾರ್ಥದ ಪರಾಕಾಷ್ಠೆಯಾಗಿ ಕಂಡಿತು. ಎರಡು ವಾರ ನಾವಿಬ್ಬರೂ ಮಾತಾಡಲಿಲ್ಲ. ನಡುವೆ ಅಕ್ಕತಂಗಿಯರು ಪಾಪ, ಪಲ್ಯದ ಬಟ್ಟಲು ಹಿಡಿದು ರಾಯಭಾರ ನಡೆಸಿದರು. ಭಾರತ ಆ ಟೆಸ್ಟನ್ನು ಒಂದು ಇನಿಂಗ್ಸ್ ಮತ್ತು 52 ರನ್ನುಗಳಿಂದ ಗೆದ್ದಿತ್ತು. ನಮ್ಮ ಜಗಳದಲ್ಲಿ ಅದು ಒಂದು ಸಾರಿಯೂ ಪ್ರಸ್ತಾಪಕ್ಕೆ ಬರಲಿಲ್ಲ. ಅಂದೂ ನಾನು ನನ್ನನ್ನು ನಿಷ್ಪಕ್ಷಪಾತಿಯೆಂದೇ ತಿಳಿದಿದ್ದೆ: ದ್ರಾವಿಡ್ ನಮ್ಮವರಾಗಿರುವುದೂ ಅವರು ಮಾಡಿದ್ದು ಸರಿಯಾಗಿರುವುದೂ ಬರೀ ಕಾಕತಾಳೀಯ.

ಹೆತ್ತವರಿಗೆ ಹೆಗ್ಗಣ ಮುದ್ದು. ಇಷ್ಟೇ ಆಗಿದ್ದರೆ ಈ ಪ್ರಬಂಧ ಬರೆಯಬೇಕಾಗಿರಲಿಲ್ಲ. ಅದು ಎಲ್ಲರಿಗೂ ಗೊತ್ತಿರುವ ರೋಗ, ನಗುವಿನಿಂದ ಅರ್ಧ ವಾಸಿಯಾಗುವಂಥದು. ಆದರೆ ನಮ್ಮಲ್ಲಿ ಇನ್ನೊಂದು ಗಾದೆಯಿದೆ: ಹಿತ್ತಲ ಗಿಡ ಮದ್ದಲ್ಲ. ಈ ಎರಡನೆಯ ರೋಗ ಗುಟ್ಟಾಗಿ ಬರುತ್ತದೆ. ಬಂದಾಗ ಆರೋಗ್ಯದಂತೆಯೇ ಕಾಣುತ್ತದೆ.

2013ರ ನವೆಂಬರ್ 2, ನರಕ ಚತುರ್ದಶಿ. ಹಬ್ಬಕ್ಕೆಂದು ಮಿರ್ಚಿ ಅಂಗಡಿ ಮುಚ್ಚಿತ್ತು. ಪೀಠ ನಮ್ಮ ಮನೆಯ ಪಡಸಾಲೆಯಲ್ಲಿ ಕೂಡಿತು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ನನ್ನ ಮಗ ಹಬ್ಬಕ್ಕೆ ಬಂದವನು ಬಾಗಿಲ ಬಳಿ ಕುಳಿತು ಆಟ ನೋಡುತ್ತಿದ್ದ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯದ ಎದುರು ಸರಣಿಯ ಕಡೆಯ ಪಂದ್ಯ. ರೋಹಿತ್ ಶರ್ಮ 209 ಹೊಡೆದು ಭಾರತದ ಮೊತ್ತ 383 ಆಗಿತ್ತು. ಆಮೇಲೆ ಬೌಲ್ ಮಾಡಲು ಬಂದವರಲ್ಲಿ ನಮ್ಮ ಆರ್. ವಿನಯ್ ಕುಮಾರ್ ಇದ್ದರು. 1984ರಲ್ಲಿ ಇದೇ ದಾವಣಗೆರೆಯಲ್ಲಿ ಹುಟ್ಟಿದವರು. ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದೇ ಲೋಕ ಕರೆದದ್ದು. ಕ್ರಿಕೆಟ್ಟಿನ ಭೂಪಟದಲ್ಲಿ ನಮ್ಮ ಊರಿಗೂ ಒಂದು ಸ್ಟೇಷನ್ನು ಕಟ್ಟಿಸಿಕೊಟ್ಟವರು.

ಅಂದು ಆದದ್ದು ಅನೇಕರಿಗೆ ನೆನಪಿರಬಹುದು. ಫಾಕ್ನರ್ ಎಂಬಾತ ಬಂದು 116 ಬಾರಿಸಿದ. ವಿನಯ್ ಕುಮಾರರ ಒಂಬತ್ತು ಓವರುಗಳಲ್ಲಿ 102 ರನ್ನು ಹೋದವು, ಒಂದು ವಿಕೆಟ್ಟು ಬಂತು. ಹೊರಗೆ ಹುಡುಗರು ಪಟಾಕಿ ಹಚ್ಚುತ್ತಿದ್ದರು. ಪ್ರತಿಯೊಂದು ಸಿಕ್ಸರಿಗೂ ಒಂದೊಂದು ಢಮಾರ್ ಎಂದು ತಾಳ ಕೂಡಿದಂತೆ ಕೇಳಿಸುತ್ತಿತ್ತು. ನನಗೆ ಮೈಯೆಲ್ಲ ಹಿಡಿಯಾಯಿತು. ಹೊರಗಿನವರು ಯಾರಾದರೂ ನೋಡಿ ನಕ್ಕಾರೆಂದು, ಅವರಿಗಿಂತ ಮೊದಲು ನಾನೇ ನಕ್ಕುಬಿಟ್ಟೆ. “ಇದೆಂಥ ಎಕ್ಸ್‌ಪ್ರೆಸ್ರೀ! ಪ್ಯಾಸೆಂಜರು. ಕೈ ತೋರಿಸಿದೋರಿಗೆಲ್ಲ ನಿಲ್ಲಿಸಿ ಹತ್ತಿಸಿಕೊಳ್ತಾ ಐತೆ” ಎಂದೆ. ಪೀಠವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಊರಿನವನಾದರೂ ಮೇಷ್ಟ್ರು ಮುಲಾಜು ನೋಡುವವರಲ್ಲ ಎಂದು ಗುಮಾಸ್ತರು ಶಿಫಾರಸು ಕೊಟ್ಟರು. ಆ ಮಾತು ನನಗೆ ಹಬ್ಬದ ಹೋಳಿಗೆಗಿಂತ ರುಚಿಯಾಯಿತು.

ಎಲ್ಲರೂ ಹೋದ ಮೇಲೆ ಮಗ ಮೆಲ್ಲಗೆ ಅಂದ: “ಅಪ್ಪಾಜಿ, ಅದೇ ಬೌಲರ್ ಬೇರೆ ಊರಿನೋನಾಗಿದ್ರೆ ನೀವು ಪಿಚ್ಚು ಸಣ್ಣದು, ಫೀಲ್ಡಿಂಗ್ ನಿಯಮ ಬದಲಾಗಿದೆ ಅಂತ ಲೆಕ್ಕ ಹೇಳ್ತಿದ್ರಿ.”

ನಾನು ಉತ್ತರ ಕೊಡಲಿಲ್ಲ. ಭಾರತ 57 ರನ್ನುಗಳಿಂದ ಗೆದ್ದಿತ್ತು. ಒಂದೇ ಪಂದ್ಯದಲ್ಲಿ ಎರಡೂ ಕಡೆ ಸೇರಿ 38 ಸಿಕ್ಸರು ಹೋಗಿದ್ದವು. ಅಂದು ಬೆಂಗಳೂರಿನಲ್ಲಿ ಪೆಟ್ಟು ತಿಂದವರು ಒಬ್ಬರಲ್ಲ. ಇದೆಲ್ಲ ನನ್ನ ಪುಸ್ತಕದಲ್ಲಿ ನನ್ನ ಕೈಯಿಂದಲೇ ಬರೆದದ್ದು. ಆದರೂ ನನ್ನ ಕಣ್ಣಿಗೆ ಆ 102 ಒಂದೇ ದೀಪಾವಳಿಯ ದೀಪದಂತೆ ಉರಿಯುತ್ತಿತ್ತು.

ವಿನಯ್ ಕುಮಾರರಿಗೆ ಮತ್ತೆ ಭಾರತದ ಪರವಾಗಿ ಆಡುವ ಕರೆ ಬರಲಿಲ್ಲ. ಎರಡು ವರ್ಷಗಳ ತರುವಾಯ, 2015ರ ಅಕ್ಟೋಬರಿನಲ್ಲಿ, ಮುಂಬಯಿಯಲ್ಲಿ ದಕ್ಷಿಣ ಆಫ್ರಿಕದ ಎದುರು ಭುವನೇಶ್ವರ್ ಕುಮಾರ್ ಹತ್ತು ಓವರುಗಳಲ್ಲಿ 106 ರನ್ನು ಕೊಟ್ಟರು. ಪಾಪ, ಆ ದಿನ ಅವನದಲ್ಲ ಎಂದೆವು. ಆತ ಅದಾದ ಮೇಲೂ ವರ್ಷಾನುಗಟ್ಟಲೆ ಆಡಿದರು, ಆಡಬೇಕಾದವರೇ. ನಾನು ಹೇಳುವುದು ನಮ್ಮ ಪೀಠದ ಮಾತು: ದೂರದವನಿಗೆ ಕೊಟ್ಟ ‘ಪಾಪ’ವನ್ನು ಹಿತ್ತಲಿನವನಿಗೆ ಕೊಡಲಿಲ್ಲ.

ಇದಕ್ಕಿಂತ ನಾಚಿಕೆಗೇಡು ಇನ್ನೊಂದಿದೆ. ಬೆಂಗಳೂರಿನ ಆ ರಾತ್ರಿಯಾಗಿ ಮೂರು ತಿಂಗಳಿಗೆ, 2014ರ ಫೆಬ್ರವರಿಯಲ್ಲಿ, ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ ಕರ್ನಾಟಕ ರಣಜಿ ಟ್ರೋಫಿ ಗೆದ್ದಿತು. 1998-99ರ ಮೇಲೆ ಅದೇ ಮೊದಲು. ನಾಯಕರು ವಿನಯ್ ಕುಮಾರ್. ಮರುವರ್ಷ ಮಾರ್ಚಿಯಲ್ಲಿ ಮುಂಬಯಿಯ ವಾಂಖೆಡೆಯಲ್ಲಿ ಮತ್ತೆ ಫೈನಲ್; ತಮಿಳುನಾಡು 134ಕ್ಕೆ ಮುಗಿಯಿತು, ವಿನಯ್ 34 ರನ್ನಿಗೆ ಐದು ವಿಕೆಟ್ ತೆಗೆದರು. ಕರುಣ್ ನಾಯರ್ 328 ಹೊಡೆದ ಅದೇ ಇನಿಂಗ್ಸಿನಲ್ಲಿ ಕೆಳಗಿನ ಕ್ರಮಾಂಕದಲ್ಲಿ ಬಂದು ಅಜೇಯ 105 ಮಾಡಿದರು. ಕರ್ನಾಟಕ ಒಂದು ಇನಿಂಗ್ಸ್ ಮತ್ತು 217 ರನ್ನುಗಳಿಂದ ಗೆದ್ದಿತು. ಅಂದು ಮಿರ್ಚಿ ಅಂಗಡಿಯಲ್ಲಿ ನಾನು ಎದ್ದು ನಿಂತು, “ನಮ್ಮ ಹುಡುಗ ಕಣ್ರೀ! ನಮ್ಮ ದಾವಣಗೆರೆ ಹುಡುಗ!” ಎಂದು ಎಲ್ಲರಿಗೂ ನನ್ನ ಲೆಕ್ಕದಲ್ಲಿ ಮಿರ್ಚಿ ಕೊಡಿಸಿದೆ. ಕೊಡಿಸಿ ಕುಳಿತ ಮೇಲೆ ನೆನಪಾಯಿತು: ಹಿಂದಿನ ದೀಪಾವಳಿಯಲ್ಲಿ ಆತ ನನ್ನ ಬಾಯಲ್ಲಿ ‘ಅವನು’ ಆಗಿದ್ದ. ಗೆದ್ದರೆ ನಮ್ಮ ಹುಡುಗ, ಸೋತರೆ ಅವನು. ಆಟಗಾರ ತನ್ನ ಪಾಡಿಗೆ ತಾನು ಚೆಂಡು ಹಾಕಿಕೊಂಡಿದ್ದಾನೆ. ಸರ್ವನಾಮ ಬದಲಾಯಿಸುತ್ತಾ ಕುಳಿತವರು ನಾವು.

ಅಮೆರಿಕನ್ನರಿಗೆ ಬೇಸ್‌ಬಾಲ್ ಎಂಬುದು ನಮಗೆ ಕ್ರಿಕೆಟ್ ಇದ್ದಂತೆ. ಬಾಸ್ಟನ್ ನಗರದ ತಂಡದಲ್ಲಿ ಬಿಲ್ ಬಕ್ನರ್ ಎಂಬ ಆಟಗಾರನಿದ್ದ. 1986ರ ಅಕ್ಟೋಬರಿನಲ್ಲಿ, ಅವರ ‘ವಿಶ್ವ ಸರಣಿ’ಯ ಆರನೆಯ ಪಂದ್ಯದಲ್ಲಿ, ನೆಲದ ಮೇಲೆ ಉರುಳಿ ಬಂದ ಒಂದು ಚೆಂಡು ಅವನ ಕಾಲುಗಳ ನಡುವೆ ನುಸುಳಿಹೋಗಿ ಪಂದ್ಯ ಕೈಬಿಟ್ಟಿತು. ಚೆಂಡು ಅವನನ್ನು ಮುಟ್ಟುವ ಮೊದಲೇ ತಂಡ ತನ್ನ ಮುನ್ನಡೆಯನ್ನು ಕಳೆದುಕೊಂಡು ಸಮಬಲಕ್ಕೆ ಇಳಿದಿತ್ತು. ಏಳನೆಯ ಪಂದ್ಯ ಇನ್ನೂ ಉಳಿದಿತ್ತು, ಅದನ್ನೂ ತಂಡ ಸೋತಿತು. ಅಭಿಮಾನಿಗಳಿಗೆ ಇದಾವುದೂ ಕಾಣಲಿಲ್ಲ. 22 ಋತುಗಳಲ್ಲಿ 2,715 ಬಾರಿ ಚೆಂಡನ್ನು ಸರಿಯಾಗಿ ಬಾರಿಸಿದವನನ್ನು ಒಂದು ಉರುಳು ಚೆಂಡಿನಿಂದ ಅಳೆದರು. 2008ರಲ್ಲಿ ಅವನು ಬಾಸ್ಟನ್ನಿನ ಮೈದಾನಕ್ಕೆ ಬಂದು ಋತುವಿನ ಮೊದಲ ಚೆಂಡನ್ನು ಎಸೆದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವನ ಕಣ್ಣಲ್ಲಿ ನೀರು ಬಂತು. ಅಷ್ಟು ಹೊತ್ತಿಗೆ ಬಾಸ್ಟನ್ ಎರಡು ಸಾರಿ ವಿಶ್ವ ಸರಣಿ ಗೆದ್ದಾಗಿತ್ತು. ಹೊಟ್ಟೆ ತುಂಬಿದ ಮೇಲೆ ಕ್ಷಮೆ ಸುಲಭ.

ವಿನಯ್ ಕುಮಾರರು 2017ರ ಡಿಸೆಂಬರಿನಲ್ಲಿ ನಾಗಪುರದಲ್ಲಿ ಮುಂಬಯಿಯ ಎದುರು ಹ್ಯಾಟ್ರಿಕ್ ತೆಗೆದರು. 34 ರನ್ನಿಗೆ ಆರು ವಿಕೆಟ್. 2021ರ ಫೆಬ್ರವರಿಯಲ್ಲಿ ಆಟದಿಂದ ನಿವೃತ್ತರಾದರು. ಮಾರನೆಯ ದಿನ ಪತ್ರಿಕೆಯಲ್ಲಿ ಅವರ ಲೆಕ್ಕ ನೋಡಿದೆ: ಪ್ರಥಮ ದರ್ಜೆಯಲ್ಲಿ 139 ಪಂದ್ಯ, 504 ವಿಕೆಟ್. ಐನೂರ ನಾಲ್ಕು! ಆ ಒಂಬತ್ತು ಓವರುಗಳ ಐವತ್ತನಾಲ್ಕು ಚೆಂಡು ಒಂದು ತಟ್ಟೆಯಲ್ಲಿ, ಈ ಐನೂರ ನಾಲ್ಕು ವಿಕೆಟ್ ಇನ್ನೊಂದು ತಟ್ಟೆಯಲ್ಲಿ. ಇಷ್ಟು ವರ್ಷ ನನ್ನ ತಕ್ಕಡಿ ಯಾವ ಕಡೆ ವಾಲಿತ್ತು ಎಂದು ಯೋಚಿಸುತ್ತ ಕುಳಿತೆ. ಆಗ ಮಗನ ಮಾತು ನೆನಪಾಯಿತು. ಅದರ ಹಿಂದೆಯೇ ಅವನು ಹೇಳದೆ ಬಿಟ್ಟ ಮಾತೂ ನೆನಪಾಯಿತು.

ಅಟ್ಟದ ಮೇಲಿನ ಟ್ರಂಕನ್ನು ಇಳಿಸಿ 1999ರ ಸ್ಕೋರು ಪುಸ್ತಕವನ್ನು ಹುಡುಕಿ ತೆಗೆದೆ.

ಆ ವರ್ಷ ನಮ್ಮ ಶಾಲೆಯಲ್ಲಿ ದೈಹಿಕ ಶಿಕ್ಷಕರಿರಲಿಲ್ಲ. ಕ್ರಿಕೆಟ್ ತಂಡವನ್ನು ಆರಿಸುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಹತ್ತು ಸ್ಥಾನ ತುಂಬಿ, ಒಬ್ಬ ಬೌಲರನ ಸ್ಥಾನ ಉಳಿಯಿತು. ಅದಕ್ಕೆ ಇಬ್ಬರು ಹುಡುಗರು. ಒಬ್ಬ ನನ್ನ ಮಗ, ಆಗ ಹತ್ತನೆಯ ತರಗತಿ. ನಾನು ಇನ್ನೊಬ್ಬನನ್ನು ಆರಿಸಿದೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೊಂಡಾಡಿದರು. ಧರ್ಮರಾಯ ಅಂದರೆ ನಮ್ಮ ಮೇಷ್ಟ್ರು ಎಂದರು. ಧರ್ಮರಾಯನೂ ಜೂಜಿನಲ್ಲಿ ಪಣಕ್ಕಿಟ್ಟದ್ದು ತನ್ನವರನ್ನೇ ಎಂಬುದು ನನಗಾಗ ಹೊಳೆಯಲಿಲ್ಲ. ಮನೆಯಲ್ಲಿ ಮಗನಿಗೆ ಹೇಳಿದೆ: “ನಿನ್ನ ಲೈನು ಸರಿ ಇಲ್ಲ ಕಣೋ. ಬಾಲು ಲೆಗ್ ಕಡೆ ಹೋಗುತ್ತೆ. ಇನ್ನೂ ಪ್ರಾಕ್ಟೀಸ್ ಬೇಕು.” ಅವನು “ಹ್ಞೂಂ” ಎಂದ. ಚೆಂಡನ್ನು ಕಪಾಟಿನ ಮೇಲಿಟ್ಟ. ಮತ್ತೆ ಕೆಳಗಿಳಿಸಲಿಲ್ಲ. ಓದಿ ಎಂಜಿನಿಯರಾದ.

ಟ್ರಂಕಿನ ಪುಸ್ತಕದಲ್ಲಿ ಮೂರು ಅಭ್ಯಾಸ ಪಂದ್ಯಗಳ ಲೆಕ್ಕವಿತ್ತು, ನನ್ನ ದುಂಡನೆಯ ಅಕ್ಷರದಲ್ಲಿ. ಮಗ: ಹನ್ನೊಂದು ವಿಕೆಟ್, ಐವತ್ತನಾಲ್ಕು ರನ್ನು. ಇನ್ನೊಬ್ಬ: ಆರು ವಿಕೆಟ್, ಎಂಬತ್ತೊಂದು ರನ್ನು. ಲೆಗ್ ಕಡೆ ಹೋದ ವೈಡುಗಳು ಮಗನವು ಎರಡು, ಇನ್ನೊಬ್ಬನವು ಏಳು. ಮೂವತ್ತು ವರ್ಷ ಗಣಿತ ಹೇಳಿದವನಿಗೆ ಈ ಲೆಕ್ಕ ಬಿಡಿಸಲು ಇಪ್ಪತ್ತೆರಡು ವರ್ಷ ಹಿಡಿಯಿತು. ಬ್ಯಾಂಕಿನ ಗುಮಾಸ್ತರು ಮ್ಯಾನೇಜರನ ಮೇಲಿನ ಸಿಟ್ಟಿಗೆ ಬ್ಯಾಟುಗಾರನ ಕಾಲಿನ ನೆಪ ಹುಡುಕಿದರೆ ನಾನು ನಕ್ಕಿದ್ದೆ. ಊರು ಏನಂದೀತೋ ಎಂಬ ನನ್ನ ಅಂಜಿಕೆಗೆ ಮಗನ ಲೈನಿನ ನೆಪ ಹುಡುಕಿದ್ದೆನಲ್ಲ!

ಅವನು ದೊಡ್ಡ ಆಟಗಾರನಾಗುತ್ತಿದ್ದ ಎಂದು ನಾನು ಹೇಳುತ್ತಿಲ್ಲ. ಹಾಗೆಂದರೆ ಅದು ಮತ್ತೆ ಮೊದಲನೆಯ ರೋಗ. ತಾಲ್ಲೂಕು ಪಂದ್ಯದಲ್ಲಿ ಒಂದೆರಡು ದಿನ ಬಿಳಿಯ ಅಂಗಿ ತೊಟ್ಟು ಚೆಂಡು ಹಾಕುತ್ತಿದ್ದ, ಅಷ್ಟೆ. ಆ ಒಂದೆರಡು ದಿನ ಅವನಿಗೆ ಸಲ್ಲಬೇಕಾಗಿತ್ತು.

ಆ ವರ್ಷದ ದೀಪಾವಳಿಗೆ ಮಗ ಬಂದಾಗ ಪುಸ್ತಕವನ್ನು ಅವನ ಮುಂದಿಟ್ಟೆ. ತಪ್ಪೊಪ್ಪಿಕೊಂಡರೆ ಮನಸ್ಸು ಹಗುರವಾದೀತು ಎಂದು ನನ್ನ ಎಣಿಕೆ. ಅವನು ಪುಟ ತಿರುಗಿಸಿ ನೋಡಿದ. ಬೆರಳಿನಿಂದ ತನ್ನ ಹೆಸರಿನ ಸಾಲನ್ನು ಗುರುತಿಸಿಕೊಂಡು ಕಡೆಯವರೆಗೂ ಓದಿದ.

“ನೀವು ಲೆಕ್ಕ ಇಟ್ಟಿರಲಿಲ್ಲ ಅಂದ್ಕೊಂಡಿದ್ದೆ, ಅಪ್ಪಾಜಿ” ಎಂದ.

ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳಬಹುದಿತ್ತು. ಅಪ್ಪ ಗಮನಿಸಿರಲಿಲ್ಲ ಎಂದು ಇಷ್ಟು ವರ್ಷ ಅವನು ನನ್ನನ್ನು ಕ್ಷಮಿಸಿದ್ದ. ಗಮನಿಸಿದ್ದ, ಬರೆದೂ ಇಟ್ಟಿದ್ದ ಎಂಬುದನ್ನು ನಾನೇ ಕೈಯಾರೆ ತೋರಿಸಿಕೊಟ್ಟೆ. ಪುಸ್ತಕವನ್ನು ಮುಚ್ಚಿ, “ಚಹಾ ಕುಡಿಯೋಣ ಬರ್ರಿ” ಎಂದು ಎದ್ದ. ಆಮೇಲೆ ಆ ಮಾತು ನಮ್ಮ ನಡುವೆ ಬಂದಿಲ್ಲ. ಪುಸ್ತಕ ಟ್ರಂಕಿಗೆ ಹೋಗದೆ ಕಪಾಟಿನಲ್ಲೇ ಉಳಿದಿದೆ; ಯಾರು ಅಲ್ಲಿಟ್ಟರೋ ನಾನು ಕೇಳಿಲ್ಲ.

ಕಳೆದ ಬೇಸಿಗೆಯ ರಜಕ್ಕೆ ಮೊಮ್ಮಗ ಬಂದಿದ್ದ. ನಮ್ಮ ಬೀದಿಯ ಹುಡುಗರೊಂದಿಗೆ ಟೆನಿಸ್ ಚೆಂಡಿನ ಕ್ರಿಕೆಟ್; ಒಂದರ ಮೇಲೊಂದು ಇಟ್ಟ ಇಟ್ಟಿಗೆಗಳೇ ವಿಕೆಟ್ಟು. ಅಂಪೈರ್ ಆಗಲು ನನ್ನನ್ನು ಕರೆದರು. ಬೇಡವೆಂದೆ, ಹುಡುಗರು ಬಿಡಲಿಲ್ಲ. ಪಕ್ಕದ ಮನೆಯ ಹುಡುಗ ಎರಡನೆಯ ರನ್ನಿಗೆ ಓಡಿದ. ಮೊಮ್ಮಗ ದೂರದಿಂದ ಎಸೆದ ಚೆಂಡು ಇಟ್ಟಿಗೆಗೆ ತಗಲಿತು. ಎಲ್ಲರೂ ನನ್ನ ಮುಖ ನೋಡಿದರು. ಹುಡುಗನ ಬ್ಯಾಟು ಗೆರೆಯಿಂದ ಒಂದು ಗೇಣು ಈಚೆಗಿತ್ತು. ಬೆರಳೆತ್ತಿದೆ.

“ಮೊಮ್ಮಗ ಅಂತ ಕೊಟ್ರಿ, ಅಜ್ಜ!” ಎಂದು ಆ ಹುಡುಗ ಕೂಗಿದ.

ಅದೇ ಹಳೆಯ ಅಂಜಿಕೆ ಹೊಟ್ಟೆಯಲ್ಲಿ ಎದ್ದಿತು. ಮನೆಯ ಗೇಟಿನ ಬಳಿ ಮಗ ನಿಂತು ನೋಡುತ್ತಿದ್ದ. ಬೆರಳನ್ನು ಇಳಿಸುವುದು ಬಹಳ ಸುಲಭವಾಗಿತ್ತು. ಹುಡುಗರೆಲ್ಲ, ಅಜ್ಜ ಭಾಳ ನಿಯತ್ತಿನೋರು ಎನ್ನುತ್ತಿದ್ದರು. ಇಳಿಸಲಿಲ್ಲ. ಒಂದು ಗೇಣು ಎಂದು ನನಗೆ ಕಂಡದ್ದು ನಿಜವಾಗಿ ಒಂದು ಗೇಣೇ ಇತ್ತೋ, ಅಜ್ಜನ ಕಣ್ಣಿಗೆ ಹಾಗೆ ಕಂಡಿತೋ, ಈಗಲೂ ನಾನು ಆಣೆ ಮಾಡಿ ಹೇಳಲಾರೆ. ಕೈ ಸ್ವಲ್ಪ ನಡುಗುತ್ತಿತ್ತು. ಹುಡುಗ ಗೊಣಗಿಕೊಂಡು ಬ್ಯಾಟನ್ನು ಕೆಳಗೆ ಹಾಕಿ ಹೋಗುವವರೆಗೂ ಎತ್ತಿಯೇ ಹಿಡಿದಿದ್ದೆ.